ಉತ್ತರಭಾಗವನ್ನು ಓದುವ ಕ್ರಮ: ಉಡುತಡಿಯ ಮಹಾದೇವಿಯ ಕಥೆಯನ್ನು ಕುರಿತು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಾಗ, ದಿಂಬಿನಷ್ಟು ದಪ್ಪವಾದ ಒಂದು ಇಂಗ್ಲಿಷ್ ಗ್ರಂಥವನ್ನು ಹಗಲಿರುಳು ಓದುತ್ತಿದ್ದಳು. ಅದು 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟವಾದ ಹ್ಯಾರಿ ಪಾಟರನ ಅದ್ಭುತಕಥಾಮಾಲೆಯ ಐದನೆಯ ಸಂಪುಟ. ಹಿಂದಿನ ನಾಲ್ಕನ್ನೂ ಅವಳು ಕಂಡವಳಲ್ಲ. ಗೆಳತಿಯ ಮನೆಯಲ್ಲಿ ಇದೊಂದೇ ದೊರೆತಿತ್ತಂತೆ. ಎರಡು ದಿನಗಳಾದ ಮೇಲೆ ನನ್ನ ಮುಂದೆ ಬಂದು ಕುಳಿತು, "ದೊಡ್ಡಪ್ಪ, ಇದರಲ್ಲಿ ಒಬ್ಬ ಹುಡುಗ ಸತ್ತನೆಂದು ಎಲ್ಲರೂ ಸಂಕಟಪಡುತ್ತಾರೆ. ಅವನು ಯಾರು, ಎಂಥವನು ಎಂದು ಯಾರೂ ನನಗೆ ಹೇಳುವುದೇ ಇಲ್ಲ. ನಾನು ಯಾರಿಗಾಗಿ ಅಳಬೇಕು?" ಎಂದು ಕೇಳಿದಳು. ಆ ಹುಡುಗನ ಮರಣವು ನಾಲ್ಕನೆಯ ಸಂಪುಟದ ಕೊನೆಯಲ್ಲಿ ನಡೆದುಹೋಗಿದೆ; ಐದನೆಯದರಲ್ಲಿ ಉಳಿದಿರುವುದು ಅದರ ಶೋಕ ಮಾತ್ರ. ಮಗುವಿನ ಪ್ರಶ್ನೆಯು ಸಣ್ಣದಲ್ಲ. ಒಂದು ಕಥಾಪರಂಪರೆಯ ಮುಂದಣ ಭಾಗವನ್ನು ಕೈಗೆತ್ತಿಕೊಂಡವನು ಹಿಂದಣದರಲ್ಲಿ ಯಾವುದನ್ನು ತಂದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಅದರ ತಿರುಳು. ನಾನು ಅವಳಿಗೆ ಆಗ ಏನೋ ಹೇಳಿ ಕಳುಹಿಸಿದೆನು. ಆದರೆ ಆ ಪ್ರಶ್ನೆಯು ನನ್ನನ್ನು ಬಿಡದೆ, ನಮ್ಮ ಸೀಮೆಯದೇ ಆದ ಒಂದು ಅದ್ಭುತಕಥೆಯ ಕಡೆಗೆ ಎಳೆದೊಯ್ದಿತು. ಅದನ್ನು ವಿದ್ವಾಂಸರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಶಾಸ್ತ್ರಪಾಠದಲ್ಲಿ ಬೆಳೆದವರಿಗೆ ಈ ಸಮಸ್ಯೆಯು ಹೊಸದಲ್ಲ. ಅಷ್ಟಾಧ್ಯಾಯಿಯ ಮೊದಲ ಪಾದದ ಐದನೆಯ ಸೂತ್ರದಲ್ಲಿ ಇರುವುದು ಎರಡೇ ಪದಗಳು. ಅದೊಂದನ್ನೇ ಓದಿದವನಿಗೆ, ಇಂಥಿಂಥ ಪ್ರತ್ಯಯಗಳು ಪರವಾದಾಗಲೂ, ಎಂದಿಷ್ಟೇ ಅರ್ಥವಾಗುತ್ತದೆ. ಆಗ ಏನಾಗುತ್ತದೆ, ಅಥವಾ ಏನಾಗುವುದಿಲ್ಲ, ಎಂಬುದು ತಿಳಿಯುವುದಿಲ್ಲ. ಗುಣವೃದ್ಧಿಗಳ ಮಾತು ಮೂರನೆಯ ಸೂತ್ರದಿಂದ ಬರಬೇಕು. ನಿಷೇಧವು ನಾಲ್ಕನೆಯ ಸೂತ್ರದಿಂದ ಬರಬೇಕು. ಹೀಗೆ ಹಿಂದಣ ಪದವು ಮುಂದಣ ಸೂತ್ರಕ್ಕೆ ಹರಿದುಬರುವುದನ್ನು ಅನುವೃತ್ತಿಯೆಂದು ಕರೆಯುವರಷ್ಟೆ. ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ನಾಲ್ಕನೆಯ ಸೂತ್ರದಿಂದ ನಿಷೇಧದ ಪದವೊಂದು ಮಾತ್ರ ಬರುತ್ತದೆ. ಅದರ ಉಳಿದ ಪದಗಳು ಅಲ್ಲಿಯೇ ನಿಂತುಬಿಡುತ್ತವೆ. ಇದು ನಿವೃತ್ತಿ. ಬಾರದಿರಬೇಕಾದುದನ್ನು ಎಳೆದುತಂದರೆ ಸೂತ್ರದ ಅರ್ಥವು ಕೆಡುವುದು. ಬರಬೇಕಾದುದನ್ನು ತಾರದಿದ್ದರೆ ಅರ್ಥವೇ ಹುಟ್ಟದು. ಪಾಠಶಾಲೆಯಲ್ಲಿ ನಮಗೆ ಬಿದ್ದ ಪೆಟ್ಟುಗಳಲ್ಲಿ ಅರ್ಧದಷ್ಟು ಅನುವೃತ್ತಿಯನ್ನು ಮರೆತುದಕ್ಕೆ, ಇನ್ನರ್ಧ ನಿವೃತ್ತಿಯನ್ನು ಮರೆತುದಕ್ಕೆ.

ಕಾವ್ಯದಲ್ಲಿ ಇದರ ಅತ್ಯುತ್ತಮ ನಿದರ್ಶನವೆಂದರೆ ಭವಭೂತಿಯ ಉತ್ತರರಾಮಚರಿತ. ಮಹಾವೀರಚರಿತದಲ್ಲಿ ಪೂರ್ವಕಥೆಯನ್ನು ನಾಟಕವಾಗಿಸಿದ ಕವಿಯು ಉತ್ತರಕಥೆಯನ್ನು ಆರಂಭಿಸುವಾಗ, ನಡೆದುದನ್ನು ಸೂತ್ರಧಾರನ ಬಾಯಿಂದ ಒಪ್ಪಿಸಿಬಿಡಲಿಲ್ಲ. ಲಕ್ಷ್ಮಣನು ಬಂದು, ಚಿತ್ರಪಟದಲ್ಲಿ ಬರೆದ ಹಳೆಯ ಸಂಗತಿಗಳನ್ನು ಸೀತಾರಾಮರಿಗೆ ತೋರಿಸುತ್ತಾನೆ. ನೋಡುತ್ತ ನೋಡುತ್ತ ಸೀತೆಗೆ ಆ ಕಾಡುಗಳನ್ನೂ ಗಂಗೆಯನ್ನೂ ಮತ್ತೆ ಕಾಣಬೇಕೆಂಬ ಬಯಕೆಯು ಹುಟ್ಟುತ್ತದೆ; ಆ ಬಯಕೆಯೇ ಅವಳನ್ನು ಕಾಡಿಗೆ ಕಳುಹುವುದಕ್ಕೆ ನೆಪವಾಗುತ್ತದೆ. ಅದೇ ಪಟದಲ್ಲಿ ಕಾಣುವ ಜೃಂಭಕಾಸ್ತ್ರಗಳು ಮುಂದೆ ಲವನ ಕೈಯಲ್ಲಿ ಪ್ರಕಟವಾಗಿ ಅವನು ಯಾರ ಮಗನೆಂಬುದನ್ನು ಸೂಚಿಸುತ್ತವೆ. ಹಿಂದಣ ಕಥೆಯ ಸ್ಮರಣೆಯೇ ಇಲ್ಲಿ ಮುಂದಣ ಕಥೆಗೆ ಬೀಜ. ಬಾಣನು ಕಾದಂಬರಿಯನ್ನು ಅರ್ಧದಲ್ಲಿ ಬಿಟ್ಟು ತೀರಿಕೊಂಡಾಗ ಅವನ ಮಗನು ಉತ್ತರಭಾಗವನ್ನು ಬರೆದು ಮುಗಿಸಿದ ಸಂಗತಿಯು ಎಲ್ಲರಿಗೂ ತಿಳಿದುದೇ. ಅಲ್ಲಿ ಕೈ ಬೇರೆಯಾದರೂ ಕಥೆಯು ಒಂದೇ, ಕಥೆಯ ಉದ್ದೇಶವೂ ಒಂದೇ. ನಮ್ಮ ನಾಗವರ್ಮನು ಎರಡು ಭಾಗಗಳನ್ನೂ ಬೆಸೆದು ಒಂದೇ ಚಂಪುವಾಗಿಸಿದಾಗ ಹೊಲಿಗೆಯ ಗುರುತು ಕಾಣದಂತಾಯಿತು. ಆದರೆ ಕೈಯೂ ಬೇರೆ, ಉದ್ದೇಶವೂ ಬೇರೆ ಆದಲ್ಲಿ ಏನು ಮಾಡಬೇಕು? ಪ್ರಕೃತ ವಿಷಯವು ಇಂಥದು.

ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಮಹಾದೇವಿಯಕ್ಕನ ಜನ್ಮಸ್ಥಳವೆಂಬುದರಲ್ಲಿ ಕವಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರು. ಬನವಾಸಿಯು ಸೊರಬದ ಗಡಿಯಾಚೆ, ವರದಾನದಿಯ ದಡದಲ್ಲಿ. ಈ ಮೂರು ಊರುಗಳನ್ನೂ ಕಾಲುನಡಿಗೆಯಲ್ಲಿ ಹೋಗುವವನು ಎರಡು ದಿನಗಳಲ್ಲಿ ನೋಡಿಬರಬಹುದು. ಬನವಾಸಿ ಹನ್ನೆರಡು ಸಾಸಿರಕ್ಕೆ ಬಳ್ಳಿಗಾವೆಯು ರಾಜಧಾನಿಯಾಗಿದ್ದ ಕಾಲದಲ್ಲಿ ಅಲ್ಲಿಯ ಕೋಡಿಯಮಠವು ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರವಾಗಿದ್ದಿತೆಂಬುದು ಶಾಸನಗಳಿಂದ ಸ್ಪಷ್ಟವಾಗಿದೆ. ರೈಸ್ ಮಹಾಶಯರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲಿಯೂ ಸೊರಬದವು ಎರಡನೆಯದರಲ್ಲಿಯೂ ಇವೆ. ಹುಡುಗಿಯೊಬ್ಬಳು ಮಲ್ಲಿಕಾರ್ಜುನನಿಗೆ ಮನಸೋತು ಶ್ರೀಶೈಲಕ್ಕೆ ಹೊರಟಳೆಂಬುದು ಇಂಥ ಸೀಮೆಯಲ್ಲಿ ಆಕಾಶದಿಂದ ಉದುರಿದ ಸಂಗತಿಯೇನೂ ಅಲ್ಲ. ಕೌಶಿಕನ ವಿಷಯದಲ್ಲಿ ಮಾತ್ರ ಕಾವ್ಯವನ್ನು ಬಿಟ್ಟು ಹೊರಗೆ ಕಾಲಿಡುವುದಕ್ಕೆ ನೆಲವಿಲ್ಲ.

ಈ ಕಥೆಯನ್ನು ಮೊದಲು ವಿಸ್ತಾರವಾಗಿ ಹೇಳಿದವನು ಹಂಪೆಯ ಹರಿಹರ. ಅವನ ಮಹಾದೇವಿಯಕ್ಕನ ರಗಳೆಯಲ್ಲಿ ಕೌಶಿಕನು ಉಡುತಡಿಯ ಅರಸು, ಭವಿ. ಬೀದಿಯಲ್ಲಿ ಮಹಾದೇವಿಯನ್ನು ಕಂಡು ಮೋಹಗೊಂಡು, ಕೊಡದಿದ್ದರೆ ತಂದೆತಾಯಿಗಳಿಗೆ ಕೇಡಾಗುವುದೆಂಬ ಬೆದರಿಕೆಯನ್ನು ಹಾಕಿಸುತ್ತಾನೆ. ಅವರನ್ನು ಉಳಿಸುವುದಕ್ಕಾಗಿ ಅವಳು ಒಪ್ಪುತ್ತಾಳೆ. ಆದರೆ ಬರಿಗೈಯಲ್ಲಿ ಒಪ್ಪುವುದಿಲ್ಲ. ತನ್ನಿಚ್ಛೆಯಂತೆ ಲಿಂಗಪೂಜೆಯನ್ನು ಮಾಡುವೆನು, ಮಾಹೇಶ್ವರರ ಗೋಷ್ಠಿಯಲ್ಲಿರುವೆನು, ಗುರುವಿನ ಸೇವೆಯಲ್ಲಿರುವೆನು. ಇದಕ್ಕೆ ಅಡ್ಡಬಂದರೆ ಮೂರು ತಪ್ಪುಗಳವರೆಗೆ ಸೈರಿಸುವೆನು, ಅನಂತರ ಇರೆನು ಎಂದು ಕಟ್ಟುಪಾಡು ಮಾಡಿಕೊಳ್ಳುತ್ತಾಳೆ. ಮದುವೆಯಾಗುತ್ತದೆ. ಹಗಲು ಪೂಜೆ, ಇರುಳು ಅರಮನೆ. ಒಂದಾದ ಮೇಲೊಂದರಂತೆ ಮೂರು ತಪ್ಪುಗಳು ನಡೆಯುತ್ತವೆ. ಕೊನೆಯದು ಗುರುವಿನ ಆಗಮನದ ಸಮಯದಲ್ಲಿ ಅವಳ ಉಡುಗೆಯನ್ನು ಕುರಿತೇ ನಡೆಯುತ್ತದೆ. ಎಣಿಕೆಯು ತುಂಬಿದೊಡನೆ ಅವಳು ಹೊರಟುಬಿಡುತ್ತಾಳೆ. ಅಲ್ಲಿಂದ ನೇರವಾಗಿ ಶ್ರೀಶೈಲ. ತಂದೆತಾಯಿಗಳು ಅಲ್ಲಿಗೂ ಬಂದು ಅವಳನ್ನು ಕಾಣುತ್ತಾರೆ. ಕೌಶಿಕನೂ ಶಿವಭಕ್ತನ ವೇಷದಿಂದ ಹಿಂಬಾಲಿಸಿ ಬರುತ್ತಾನೆ. ಈ ಕಥೆಯಲ್ಲಿ ಕಲ್ಯಾಣವಿಲ್ಲ, ಅಲ್ಲಮನೊಡನೆ ಸಂವಾದವಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಹರಿಹರನಿಗೆ ಸುಮಾರು ಎರಡು ಶತಮಾನಗಳ ಅನಂತರ, 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಭಾಮಿನೀಷಟ್ಪದಿಯಲ್ಲಿ ಇಪ್ಪತ್ತೈದು ಗತಿಗಳು, 1111 ಪದ್ಯಗಳು. ಇದು ಅದ್ಭುತಕಥೆಯೆಂಬುದರಲ್ಲಿ ಸಂದೇಹವಿಲ್ಲ. ವಿಸ್ಮಯವೇ ಇದರ ಸ್ಥಾಯಿ. ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶರು ಇದನ್ನು ತಮಿಳಿಗೆ ತಂದರೆಂಬುದರಿಂದ ಇದರ ಆಕರ್ಷಣೆಯನ್ನು ಊಹಿಸಬಹುದು. ಮಾಯೆಗೆ ಸೋಲದವರಿಲ್ಲವೆಂದು ಗಿರಿಜೆ, ಅಲ್ಲಮನೊಬ್ಬನುಂಟೆಂದು ಶಿವ: ಕೈಲಾಸದ ಈ ಪಂತದಿಂದ ಕಥೆಯು ಆರಂಭವಾಗುತ್ತದೆ. ಗಿರಿಜೆಯು ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹುತ್ತಾಳೆ. ಅದು ಬನವಾಸಿಯ ಅರಸನಾದ ಮಮಕಾರನಿಗೂ ಅವನ ರಾಣಿ ಮೋಹಿನಿಗೂ ಮಗಳಾಗಿ, ಮಾಯೆಯೆಂಬ ಹೆಸರಿನಿಂದ ಬೆಳೆಯುತ್ತದೆ. ಬಳ್ಳಿಗಾವೆಯಲ್ಲಿ ನಿರಹಂಕಾರ ಸುಜ್ಞಾನಿಯರ ಮಗನೆನಿಸಿದ ಅಲ್ಲಮನು ಮದ್ದಳೆಯನ್ನು ಹಿಡಿದು ಬನವಾಸಿಯ ಮಧುಕೇಶ್ವರನ ಗುಡಿಗೆ ಬರುತ್ತಾನೆ. ಮಾಯೆಯು ಅವನ ಮದ್ದಳೆಗೆ ಕುಣಿಯುತ್ತಾಳೆ, ಅವನಿಗೆ ಸೋಲುತ್ತಾಳೆ, ಹಿಡಿಯಹೋದರೆ ಅವನು ಸಿಕ್ಕುವುದಿಲ್ಲ. ಪಂತದಲ್ಲಿ ಗಿರಿಜೆಯ ಪಕ್ಷವು ಸೋಲುತ್ತದೆ. ಇಷ್ಟು ಮೊದಲ ಭಾಗ.

ಉಡುತಡಿಯು ಕಥೆಯೊಳಕ್ಕೆ ಬರುವುದು ಇದಾದ ಮೇಲೆ. ಮಾಯೆಯು ಸೋತು ಹಿಂದಿರುಗಿದ ಬಳಿಕ ಗಿರಿಜೆಯ ಸಾತ್ತ್ವಿಕಕಳೆಯು ನಿರ್ಮಲ ಸುಮತಿಯರ ಮಗಳಾಗಿ ಅಲ್ಲಿ ಹುಟ್ಟುತ್ತದೆ; ಅವಳೇ ಮಹಾದೇವಿ. ಆದ್ದರಿಂದ ಚಾಮರಸನ ಮಹಾದೇವಿಯ ಕಥೆಯು ಒಂದು ಉತ್ತರಭಾಗ, ಒಂದು ಸೋಲಿನ ಮೇಲೆ ಕಟ್ಟಿದ ಉತ್ತರಭಾಗ. ನಮ್ಮ ತರಗತಿಗಳಲ್ಲಿ ಏನು ನಡೆಯುತ್ತದೆ? ಪಠ್ಯಸಂಗ್ರಹದಲ್ಲಿ ಉಡುತಡಿಯ ಪ್ರಕರಣವನ್ನಷ್ಟೇ ಕತ್ತರಿಸಿ ಅಂಟಿಸಿರುತ್ತಾರೆ. ವಿದ್ಯಾರ್ಥಿಯು ನಿರ್ಮಲ, ಸುಮತಿ ಎಂಬ ಹೆಸರುಗಳನ್ನು ಓದಿ, ಯಾರೋ ಸಜ್ಜನ ದಂಪತಿಗಳೆಂದುಕೊಂಡು ಮುಂದೆ ಹೋಗುತ್ತಾನೆ. ಮಮಕಾರ, ಮೋಹಿನಿ ಎಂಬ ಜೋಡಿಯನ್ನು ಕಂಡವನಿಗೆ ಮಾತ್ರ ಈ ಜೋಡಿಯು ಏನೆಂದು ತಿಳಿಯುತ್ತದೆ. ನನ್ನ ತಮ್ಮನ ಮಗಳು ಕೇಳಿದ ಪ್ರಶ್ನೆಯನ್ನು ಈ ವಿದ್ಯಾರ್ಥಿಯು ಕೇಳುವುದೂ ಇಲ್ಲ. ಏಕೆಂದರೆ ತನಗೆ ಏನೋ ತಪ್ಪಿಹೋಗಿದೆಯೆಂಬುದೇ ಅವನಿಗೆ ತಿಳಿಯದು.

ಎರಡು ಭಾಗಗಳನ್ನೂ ಎದುರೆದುರಿಗೆ ಇಟ್ಟರೆ ಒಂದು ಸೊಗಸಾದ ತಿರುವು ಕಾಣುತ್ತದೆ. ಬನವಾಸಿಯಲ್ಲಿ ಅರಮನೆಯ ಹೆಣ್ಣು ಗುಡಿಯ ಮದ್ದಳೆಗಾರನನ್ನು ಬಯಸುತ್ತಾಳೆ. ಬಯಸಿದವಳಿಗೆ ಅವನು ದಕ್ಕುವುದಿಲ್ಲ. ಉಡುತಡಿಯಲ್ಲಿ ಅರಮನೆಯ ಗಂಡು ಭಕ್ತರ ಮನೆಯ ಹೆಣ್ಣನ್ನು ಬಯಸುತ್ತಾನೆ. ಬಯಸಿದವನಿಗೆ ಅವಳು ದಕ್ಕುವುದಿಲ್ಲ. ಮಾಯೆಯು ನಿಂತಿದ್ದ ಸ್ಥಾನದಲ್ಲಿ ಈಗ ಕೌಶಿಕನು ನಿಂತಿದ್ದಾನೆ. ಪ್ರಭುವು ನಿಂತಿದ್ದ ಸ್ಥಾನದಲ್ಲಿ ಮಹಾದೇವಿಯು ನಿಂತಿದ್ದಾಳೆ. ಮಾಯೆಯ ಒಡತಿಯಾದ ಗಿರಿಜೆಯ ಕಳೆಯೇ ಮಾಯೆಗೆ ಸಿಕ್ಕದ ಸ್ಥಾನಕ್ಕೆ ಏರಿರುವುದು ಈ ಭಾಗದ ಅದ್ಭುತ. ಬರಿಯ ಉಡುತಡಿಯ ಪ್ರಕರಣವನ್ನು ಓದಿದವನಿಗೆ ಕೌಶಿಕನು ಒಬ್ಬ ದುಷ್ಟರಾಜ. ಪೂರ್ವಭಾಗವನ್ನು ತಿಳಿದವನಿಗೆ ಅವನು ಸೋತ ಮಾಯೆಯ ಪುನರಾವೃತ್ತಿ.

ಇನ್ನು ವಿವಾದದ ಮಾತು. ಚಾಮರಸನಲ್ಲಿ ಮಹಾದೇವಿಗೆ ಮದುವೆಯಾಗುವುದಿಲ್ಲ. ಅರಸನ ಬಯಕೆಯು ಅವಳನ್ನು ಅರಮನೆಯವರೆಗೆ ಎಳೆದರೂ ಅವಳು ಕನ್ಯೆಯಾಗಿಯೇ ಅದನ್ನು ಬಿಟ್ಟು ನಡೆಯುತ್ತಾಳೆ. ಹರಿಹರನ ಹೇಳಿಕೆ ಒಂದು, ಇವನ ಹೇಳಿಕೆ ಇನ್ನೊಂದು. ಇದನ್ನು ಕುರಿತು ನಮ್ಮಲ್ಲಿ ನಡೆದಿರುವ ವಾದಗಳು ಬಹಳ. ಅವುಗಳಲ್ಲಿ ಕೆಲವು ಬಹು ಕಟುವಾದುವು. ಒಂದು ಪಕ್ಷದವರು, ಹರಿಹರನು ಕಾಲದಲ್ಲಿ ಹತ್ತಿರದವನಾದ್ದರಿಂದ ಅವನ ಮಾತೇ ಪ್ರಮಾಣವೆನ್ನುವರು. ಇನ್ನೊಂದು ಪಕ್ಷದವರು, ಮಲ್ಲಿಕಾರ್ಜುನನನ್ನೇ ಗಂಡನೆಂದು ಕರೆದವಳಿಗೆ ಲೌಕಿಕವಿವಾಹವು ಹೇಗೆ ಘಟಿಸೀತು, ಆದ್ದರಿಂದ ಚಾಮರಸನೂ ಅವನ ಅನಂತರದವರೂ ಹೇಳಿದುದೇ ನಿಜವೆನ್ನುವರು. ಮೂರನೆಯವರು ಎರಡನ್ನೂ ಕೂಡಿಸಿ, ಒಪ್ಪಂದವಾಯಿತು, ಅರಮನೆಗೆ ಹೋದಳು, ಆದರೆ ಮದುವೆಯೆನ್ನಬಾರದು ಎಂದು ಸಂಧಾನ ಮಾಡುವರು.

ನಾನು ಬಹುಕಾಲ ಈ ಮೂರನೆಯವರೊಡನೆ ಇದ್ದೆನು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ ಒಂದು ಕೂಡಿಕೆಯ ಕಥೆಯನ್ನೇ ಹೇಳಿಕೊಂಡು ಬಂದೆನು: ಹರಿಹರನಿಂದ ಮೂರು ಕಟ್ಟುಪಾಡುಗಳು, ಚಾಮರಸನಿಂದ ಕನ್ಯಾತ್ವ, ಶೂನ್ಯಸಂಪಾದನೆಯಿಂದ ಕಲ್ಯಾಣದ ಸಂವಾದ, ಮತ್ತೆ ಹರಿಹರನಿಂದ ಶ್ರೀಶೈಲದಲ್ಲಿ ತಂದೆತಾಯಿಗಳ ಅಳಲು. ಒಂದು ವರ್ಷ ಒಬ್ಬ ವಿದ್ಯಾರ್ಥಿನಿಯು ಗ್ರಂಥಾಲಯದಿಂದ ರಗಳೆಯನ್ನು ತಂದು ಪೂರ್ತಿ ಓದಿ, ತರಗತಿಯ ಮಧ್ಯದಲ್ಲಿ ಎದ್ದುನಿಂತು, "ಗುರುಗಳೇ, ತಾವು ಹೇಳಿದ ಕಥೆಯು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದಳು. ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದು ನನ್ನ ಬಾಯಲ್ಲಿ ಮಾತ್ರ ಇದ್ದಿತು. ಅವಳು ವಿನಯದಿಂದಲೇ ಕೇಳಿದಳು; ಆದರೆ ಆ ದಿನ ಮನೆಗೆ ಹೋಗುವಾಗ ದಾರಿಯು ಉದ್ದವಾಗಿ ತೋರಿತು.

ಆಮೇಲೆ ಎರಡು ಕಾವ್ಯಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ಓದಿದಾಗ, ಹಿಂದೆ ಗಮನಿಸದಿದ್ದ ಒಂದು ಸಂಗತಿಯು ಕಣ್ಣಿಗೆ ಬಿದ್ದಿತು. ಚಾಮರಸನು ಬಿಟ್ಟಿರುವುದು ಒಂದು ಮದುವೆಯನ್ನಲ್ಲ, ಎರಡು ಮದುವೆಗಳನ್ನು. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಮಲತೆಯೆಂಬವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಆ ದುಃಖದಲ್ಲಿ ಹುಚ್ಚನಂತೆ ಅಲೆಯುತ್ತಿರುವಾಗ ಅವನ ಕಣ್ಣಿಗೆ ನೆಲದಲ್ಲಿ ಹೂತ ಗುಡಿಯ ಕಳಸವು ಬೀಳುತ್ತದೆ, ಅದನ್ನು ಅಗೆಸಿ ಒಳಹೊಕ್ಕು ಅನಿಮಿಷನಿಂದ ಲಿಂಗವನ್ನು ಪಡೆಯುತ್ತಾನೆ. ಚಾಮರಸನಲ್ಲಿ ಕಮಲತೆಯಿಲ್ಲ. ಅವಳ ಸ್ಥಾನದಲ್ಲಿ ಮಾಯೆಯಿದ್ದಾಳೆ. ಮಾಯೆಗೆ ಪ್ರಭುವು ಸಿಕ್ಕುವುದೇ ಇಲ್ಲ. ಎಂದರೆ, ಬಳ್ಳಿಗಾವೆಯ ಗಂಡಿನ ಮದುವೆಯೂ ಹೋಯಿತು, ಉಡುತಡಿಯ ಹೆಣ್ಣಿನ ಮದುವೆಯೂ ಹೋಯಿತು. ಎರಡನ್ನೂ ತೆಗೆದ ಕೈ ಒಂದೇ. ತೆಗೆದುದಕ್ಕೆ ಕಾರಣವೂ ಒಂದೇ ಆಗಿರಬೇಕು. ಮಾಯೆಯು ಮುಟ್ಟಲಾರದ ಪ್ರಭುವಿನ ಲೀಲೆಯನ್ನು ಹೇಳುವೆನೆಂದು ಹೊರಟವನಿಗೆ, ಹೆಂಡತಿ ಸತ್ತುದಕ್ಕಾಗಿ ಅಳುವ ಪ್ರಭುವು ಬೇಡ. ಆ ಪ್ರಭುವಿನ ಮುಂದೆ ಬಂದು ನಿಲ್ಲಬೇಕಾದ ಸಾತ್ತ್ವಿಕಕಳೆಗೂ ಭವಿಯ ಅರಮನೆಯ ಇರುಳುಗಳು ಬೇಡ. ಇದು ಕಾವ್ಯದ ಕಟ್ಟಡಕ್ಕಾಗಿ ಮಾಡಿದ ನಿವೃತ್ತಿಯೇ ಹೊರತು ಉಡುತಡಿಯಿಂದ ತಂದ ಹೊಸ ಸಾಕ್ಷ್ಯವಲ್ಲ.

ಇಲ್ಲಿ ಒಂದು ಆಕ್ಷೇಪವು ಏಳಬಹುದು: ಹರಿಹರನಿಗೆ ತಿಳಿಯದ ಬೇರೊಂದು ಸಂಪ್ರದಾಯವು ಚಾಮರಸನ ಕಾಲದವರೆಗೆ ಬಾಯಿಮಾತಿನಲ್ಲಿ ಉಳಿದುಬಂದಿರಬಾರದೇಕೆ? ಬಂದಿರಬಹುದು, ಅಸಾಧ್ಯವೆನ್ನಲಾರೆನು. ಆದರೆ ಆ ಸಂಪ್ರದಾಯವು ಅಕ್ಕನ ವಿಷಯದಲ್ಲಿಯೂ ಅಲ್ಲಮನ ವಿಷಯದಲ್ಲಿಯೂ ಒಂದೇ ರೀತಿಯಾಗಿ ಹರಿಹರನನ್ನು ತಿದ್ದಿತೆಂದೂ, ಆ ತಿದ್ದುಪಡಿಯು ಇವನ ಕಾವ್ಯದ ಉದ್ದೇಶಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪಿತೆಂದೂ ಹೇಳುವುದು ಗೌರವದೋಷಕ್ಕೆ ಗುರಿಯಾಗುತ್ತದೆ. ಲಾಘವವು ಇನ್ನೊಂದು ಪಕ್ಷದಲ್ಲಿದೆ. ಹಾಗೆಂದು ಹರಿಹರನ ಮಾತೆಲ್ಲ ಇತಿಹಾಸವೆಂದು ನಾನು ಹೇಳುತ್ತಿಲ್ಲ. ಅವನೂ ಕೈಲಾಸದಿಂದಲೇ ಕಥೆಯನ್ನು ಇಳಿಸುವವನು. ಮಲ್ಲಿಕಾರ್ಜುನನನ್ನು ಗಂಡನೆಂದು ಕರೆಯುವ ವಚನಗಳಿಂದ ಲೌಕಿಕವಿವಾಹದ ಅಭಾವವನ್ನು ಸಾಧಿಸುವ ವಾದವಂತೂ ನಿಲ್ಲುವುದಿಲ್ಲ. ಲೋಕದ ಗಂಡನನ್ನು ಬಿಟ್ಟು ಬಂದವಳೂ ಆ ಮಾತನ್ನು ಆಡಬಹುದು, ಇನ್ನೂ ಹೆಚ್ಚಿನ ಅಧಿಕಾರದಿಂದ ಆಡಬಹುದು.

ಈ ವಿಚಾರವು ಪಂಡಿತರ ವಿನೋದಕ್ಕಾಗಿ ಮಾತ್ರ ಇರುವುದಲ್ಲ. ಹರಿಹರನ ಮಹಾದೇವಿಯು ಒಲ್ಲದ ಮದುವೆಯನ್ನು ಹೆತ್ತವರ ಪ್ರಾಣಕ್ಕಾಗಿ ಒಪ್ಪಿದವಳು. ಅದರೊಳಗೆ ಇದ್ದು, ತಪ್ಪುಗಳನ್ನು ಎಣಿಸಿ, ಕೊಟ್ಟ ಮಾತನ್ನು ತಾನು ಮುರಿಯದೆ, ಅದು ಮುರಿದ ದಿನ ಎದ್ದು ಹೊರಟವಳು. ಕನ್ನಡದ ಹಳೆಯ ಕಾವ್ಯಗಳಲ್ಲಿ ಇಂಥ ಹೆಣ್ಣು ನನಗೆ ಇನ್ನೊಬ್ಬಳು ಕಂಡಿಲ್ಲ. ಉತ್ತರಭಾಗದ ನಿವೃತ್ತಿಯನ್ನು ಪೂರ್ವಭಾಗದ ಮೇಲೆ ಹೇರಿದರೆ ಇವಳು ಇಲ್ಲವಾಗುತ್ತಾಳೆ. ನನ್ನ ತರಗತಿಯಲ್ಲಿ ಇಪ್ಪತ್ತು ವರ್ಷಗಳ ಕಾಲ ಇವಳು ಇಲ್ಲವಾಗಿದ್ದಳು. ಆ ತರಗತಿಯಲ್ಲಿ ಕುಳಿತಿದ್ದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಅವಳ ಅವಶ್ಯಕತೆಯಿದ್ದಿತೋ ನಾನು ಬಲ್ಲೆನೆ?

ಇದಕ್ಕೆ ಪ್ರತಿಯಾಗಿ, ಹರಿಹರನೊಬ್ಬನೇ ಸಾಕು, ಉತ್ತರಭಾಗಗಳೆಲ್ಲ ಕಲ್ಪನೆಯೆಂದು ತಳ್ಳಿಬಿಡುವವರು ಇನ್ನೊಂದು ಬಗೆಯ ನಷ್ಟಕ್ಕೆ ಗುರಿಯಾಗುತ್ತಾರೆ. ಶೂನ್ಯಸಂಪಾದನೆಯನ್ನು ತೆಗೆದುಕೊಳ್ಳಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ಇದನ್ನು ಸಂಪಾದಿಸಿದರು. ಪ್ರತಿಯೊಂದೂ ಹಿಂದಿನದರ ಮುಂದಣ ರೂಪ. ಆದ್ದರಿಂದ ನಾವು ಈಗ ಹೇಳುತ್ತಿರುವ ಸಮಸ್ಯೆಯು ಇಲ್ಲಿ ನಾಲ್ಕು ಮಡಿಯಾಗಿದೆ. ಶರಣರ ವಚನಗಳನ್ನು ಆಯ್ದು, ನಡುವೆ ಸಂಪಾದಕರು ತಮ್ಮ ಗದ್ಯವನ್ನು ಹೆಣೆದು, ಎದುರುಬದುರಾಗಿ ನಿಂತ ಸಂವಾದದಂತೆ ಜೋಡಿಸಿದ್ದಾರೆ. ವಚನಗಳು ಹಳೆಯವು, ಸಂದರ್ಭವು ಹೊಸದು. ಮಹಾದೇವಿಯ ಪ್ರಕರಣವು ಗ್ರಂಥದ ಉತ್ತರಾರ್ಧದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಪ್ರಭುವು ಮುಕ್ತಾಯಕ್ಕ, ಸಿದ್ಧರಾಮ, ಬಸವಣ್ಣ ಮೊದಲಾದವರೊಡನೆ ವಾದಿಸಿ ಬಂದಿರುತ್ತಾನೆ. ಕಲ್ಯಾಣದ ಬಾಗಿಲಲ್ಲಿ ಕಿನ್ನರಿ ಬೊಮ್ಮಯ್ಯನು ಅವಳನ್ನು ಪರೀಕ್ಷಿಸುತ್ತಾನೆ. ಒಳಗೆ ಪ್ರಭುವು ನಿನ್ನ ಗಂಡನಾರೆಂದು ಕೇಳುತ್ತಾನೆ. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆಂದು ಕೇಳುತ್ತಾನೆ.

ಹರಿಹರನನ್ನು ಓದಿ ಬಂದವನಿಗೆ ಈ ಎರಡು ಪ್ರಶ್ನೆಗಳೂ ಬೇರೆಯಾಗಿ ಕೇಳಿಸುತ್ತವೆ. ರಗಳೆಯಲ್ಲಿ ಉಡುಗೆಯು ಒಂದು ಘಟನೆ: ಅರಸನ ಕೈ ಅದಕ್ಕೆ ತಗುಲಿದುದರಿಂದ ಮೂರನೆಯ ತಪ್ಪಾಯಿತು. ಸಂಪಾದನೆಯಲ್ಲಿ ಅದು ಪ್ರಶ್ನೆಯಾಗಿದೆ: ಬಿಟ್ಟುದು ಬಟ್ಟೆಯನ್ನೋ, ಬಟ್ಟೆ ಬೇಕೆಂಬ ಭಾವವನ್ನೋ? ಅವಳ ಉತ್ತರದ ಸಾರವು ಇಷ್ಟು: ಹಣ್ಣು ಒಳಗೆ ಮಾಗುವ ಮೊದಲೇ ಹೊರಗಿನ ಸಿಪ್ಪೆಯು ಬಣ್ಣಗೆಡದು, ಮೈಯ ಗುರುತನ್ನು ಕಂಡು ನೋಡುವವರು ನೋಯಬಾರದೆಂದು ಮರೆಸಿದೆನು. ನಾಚಿಕೆಯ ಭಾರವನ್ನು ನೋಡಲ್ಪಟ್ಟವಳಿಂದ ತೆಗೆದು ನೋಡುವವರ ತಲೆಯ ಮೇಲೆ ಇಟ್ಟುಬಿಟ್ಟಿದ್ದಾಳೆ. ಕೌಶಿಕನಿಗೆ ಅರಮನೆಯಲ್ಲಿ ದೊರೆಯದಿದ್ದ ಉತ್ತರವು ಪ್ರಭುವಿಗೆ ಕಲ್ಯಾಣದಲ್ಲಿ ದೊರೆಯಿತು. ಗಂಡನಾರೆಂಬ ಪ್ರಶ್ನೆಯೂ ಹೀಗೆಯೇ. ಚಾಮರಸನನ್ನಷ್ಟೇ ಬಲ್ಲವನಿಗೆ ಅದು ತತ್ತ್ವದ ಪ್ರಶ್ನೆ. ಹರಿಹರನನ್ನು ಬಲ್ಲವನಿಗೆ, ಬಿಟ್ಟುಬಂದ ಗಂಡನೊಬ್ಬನ ನೆರಳು ಸಭೆಯ ಬಾಗಿಲಲ್ಲಿ ನಿಂತಿರುವಂತೆ ತೋರುತ್ತದೆ. ಸಂಪಾದಕರು ಆ ನೆರಳನ್ನು ಬಯಸಿರಲಾರರು. ಆದರೂ ವಚನಗಳ ದನಿಯಲ್ಲಿ ಅದು ಸುಳಿಯುತ್ತದೆಂದು ನನಗೆ ಅನಿಸುತ್ತದೆ. ಇದು ನನ್ನ ಅನಿಸಿಕೆಯೇ ಹೊರತು ಸಿದ್ಧಾಂತವಲ್ಲ.

ಸಂವಾದದ ಕೊನೆಯಲ್ಲಿ ಪ್ರಭುವು ಅವಳನ್ನು ಶ್ರೀಶೈಲದ ಕದಳಿಗೆ ಕಳುಹುತ್ತಾನೆ. ಹರಿಹರನಲ್ಲಿ ಅವಳು ತಾನೇ ಹೊರಟ ಊರಿಗೆ ಇಲ್ಲಿ ಬೀಳ್ಕೊಡುಗೆಯ ಮೂಲಕ ಹೋಗುತ್ತಾಳೆ. ಶ್ರೀಶೈಲವು ಅನುವೃತ್ತಿ, ಒಂಟಿತನವು ನಿವೃತ್ತಿ. ಶ್ರೀಶೈಲದಲ್ಲಿ ತಂದೆತಾಯಿಗಳ ಅಳಲು, ಕೌಶಿಕನ ವೇಷ, ಇವೆಲ್ಲ ಸಂಪಾದಕರಿಗೆ ಬೇಕಿಲ್ಲ. ಅವರ ಕಥೆಯು ಊರಿನಿಂದ ಸಭೆಗೆ, ಸಭೆಯಿಂದ ಬಯಲಿಗೆ ಸಾಗುವುದರಿಂದ ಊರಿನವರು ಮತ್ತೆ ಬರುವಂತಿಲ್ಲ.

ಹಾಗಾದರೆ ತರಗತಿಯಲ್ಲಿ ಯಾವುದನ್ನು ಮೊದಲು ಓದಿಸಬೇಕು? ಕಾಲಕ್ರಮದಿಂದ ಹರಿಹರ, ಚಾಮರಸ, ಸಂಪಾದನೆ ಎಂದು ಹೇಳುವುದು ಸುಲಭ. ನನ್ನ ಅನುಭವದಲ್ಲಿ ಅದು ಅಷ್ಟು ಫಲಕಾರಿಯಲ್ಲ. ಹುಡುಗರಿಗೆ ಅಕ್ಕನ ಹೆಸರು ಮೊದಲೇ ಗೊತ್ತು. ವಚನಗಳನ್ನು ಹಾಡಿ ಬಂದಿರುತ್ತಾರೆ. ಉಡುತಡಿಗೆ ಹೋಗಿ ಈಚಿನ ವರ್ಷಗಳಲ್ಲಿ ನಿಲ್ಲಿಸಿದ ಎತ್ತರದ ಪ್ರತಿಮೆಯ ಕೆಳಗೆ ಭಾವಚಿತ್ರವನ್ನು ತೆಗೆಸಿಕೊಂಡು ಬಂದವರೂ ಉಂಟು. ಅವರು ಆಗಲೇ ಉತ್ತರಭಾಗದ ನಡುವೆ ಇದ್ದಾರೆ. ಆದ್ದರಿಂದ ಈಗ ನಾನು ಕಲ್ಯಾಣದ ಸಂವಾದವನ್ನೇ ಮೊದಲು ಇಡುತ್ತೇನೆ. ಉಡುಗೆಯ ಪ್ರಶ್ನೆಯು ಎಲ್ಲಿಂದ ಬಂದಿತೆಂದು ಯಾರಾದರೂ ಕೇಳುವವರೆಗೆ ಕಾಯುತ್ತೇನೆ. ಕೇಳಿದ ದಿನ ರಗಳೆಯನ್ನು ಕೈಗೆ ಕೊಡುತ್ತೇನೆ. ಚಾಮರಸನು ಕೊನೆಗೆ ಬರುತ್ತಾನೆ. ಅವನನ್ನು ಓದುವಾಗ ಮಾತ್ರ ಕೈಲಾಸದ ಪಂತದಿಂದಲೇ ಆರಂಭಿಸಬೇಕು, ಉಡುತಡಿಯ ತುಂಡನ್ನು ಕತ್ತರಿಸಿಕೊಡಕೂಡದು. ಪರೀಕ್ಷೆಯ ಉತ್ತರದಲ್ಲಿ ಅಕ್ಕನ ಕಥೆಯನ್ನು ಬರೆಯುವವರು ಯಾವ ಕವಿಯ ಅಕ್ಕ ಎಂಬುದನ್ನು ಮೊದಲ ಸಾಲಿನಲ್ಲಿ ಹೇಳಬೇಕೆಂದು ನಿಯಮವನ್ನೂ ಮಾಡಿದ್ದೇನೆ. ಕೆಲವರು ಇದನ್ನು ಪಂಡಿತನ ಹಠವೆಂದು ಆಡಿಕೊಳ್ಳುವುದು ನನ್ನ ಕಿವಿಗೆ ಬಿದ್ದಿದೆ.

ತಮ್ಮನ ಮಗಳಿಗೆ ಹಿಂದಿನ ನಾಲ್ಕು ಸಂಪುಟಗಳನ್ನೂ ಶಿವಮೊಗ್ಗದಿಂದ ತರಿಸಿಕೊಟ್ಟೆನು. ಮೊದಲನೆಯದರಿಂದ ಆರಂಭಿಸುವಳೆಂದಿದ್ದೆ. ಅವಳು ನಾಲ್ಕನೆಯದರ ಕೊನೆಯ ಪುಟಗಳನ್ನು ತೆರೆದು, ಆ ಹುಡುಗನು ಸಾಯುವಲ್ಲಿಂದ ಓದಲು ಕುಳಿತಳು.